ಎಂಜಿನಿಯರಿಂಗ್ ಆನರ್ಸ್‌ನಲ್ಲಿ ಒಂದು ಕ್ರೆಡಿಟ್ ಸೆಮಿನಾರ್ ತಗೋಬೇಕಾ?

ಅಮೆರಿಕದ ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್ ಆನರ್ಸ್ (ಚೆನ್ನಾಗಿ ಓದುವವರಿಗೆಂದೇ ಇರೋ ವಿಶೇಷ ಪ್ರೋಗ್ರಾಂ) ಸೀಟು ಸಿಕ್ಕಿದೆ, ಒಂದು ಕ್ರೆಡಿಟ್ಟಿನ (ಕ್ರೆಡಿಟ್ ಅಂದ್ರೆ ಕೋರ್ಸು ಎಷ್ಟು ದೊಡ್ಡದು ಅನ್ನೋ ಅಳತೆ) ಸಣ್ಣ ಸೆಮಿನಾರ್‌ಗಳ ಪಟ್ಟಿ ಕೊಟ್ಟಿದ್ದಾರೆ, ಬ್ರಾಂಚಿಗೆ ಸಂಬಂಧವೇ ಇಲ್ಲದ ಇವನ್ನು ಯಾಕೆ ತಗೋಬೇಕು ಅಂತ ಕೇಳಿದ್ದೀರಿ. ತಗೊಳ್ಳಿ. ಆದರೆ ಸೆಮಿಸ್ಟರಿಗೆ ಒಂದೇ ಸಾಕು, ಅದೂ ನಿಮ್ಮ ಬ್ರಾಂಚಿನದ್ದು ಬೇಡ, ಅದು ಹೇಗೂ ಕೋರ್ ಸಬ್ಜೆಕ್ಟ್‌ಗಳಲ್ಲಿ ಬಂದೇ ಬರುತ್ತೆ.

ನಾನೂ ಅಲ್ಲೇ ಆನರ್ಸ್ ಓದಿದವನು. ಸಾಮಾನ್ಯವಾಗಿ ವಾರಕ್ಕೊಂದು ಗಂಟೆ ಕ್ಲಾಸು, ಹತ್ತು ಹದಿನೈದು ಜನ, ಕೆಲವಂತೂ ಅರ್ಧ ಸೆಮಿಸ್ಟರಿಗೇ ಮುಗಿದುಹೋಗುತ್ತವೆ. ಎಷ್ಟೋ ಕಡೆ ಬರೀ ಪಾಸು-ಫೇಲು, ಗ್ರೇಡಿನ ತಲೆಬಿಸಿ ಇರಲ್ಲ.

ನನಗೆ ತುಂಬಾ ಹಿಡಿಸಿದ್ದು ಕುಸಿದ ಕಟ್ಟಡ, ಸೇತುವೆಗಳ ಬಗ್ಗೆ ಇದ್ದ ಸೆಮಿನಾರ್. ಕಾನ್ಸಾಸ್ ಸಿಟಿಯ ಹಯಾಟ್ ರೀಜೆನ್ಸಿ ಹೋಟೆಲನ್ನೇ ತಗೊಳ್ಳಿ. 1981ರ ಜುಲೈ 17ರಂದು ಲಾಬಿಯ ಮೇಲೆ ತೂಗುಹಾಕಿದ್ದ ಎರಡು ವಾಕ್‌ವೇಗಳು (ಜನ ಓಡಾಡೋ ಕಾಲುಸೇತುವೆಗಳು) ಕುಸಿದು 114 ಜನ ಸತ್ತರು. ಮೊದಲಿನ ಡ್ರಾಯಿಂಗಿನಲ್ಲಿ ಚಾವಣಿಯಿಂದ ಇಳಿದ ಒಂದೇ ಉದ್ದ ರಾಡ್‌ಗೆ ನಾಲ್ಕನೇ ಮಹಡಿಯದ್ದು ಮತ್ತು ಅದರ ಕೆಳಗೆ ಎರಡನೇ ಮಹಡಿಯದ್ದು, ಎರಡೂ ನೇತಾಡಬೇಕಿತ್ತು. ಅಷ್ಟುದ್ದ ಥ್ರೆಡ್ ಹಾಕೋದು ತಾಪತ್ರಯ ಅಂತ ರಾಡನ್ನು ಎರಡು ಮಾಡಿದರು, ಮೇಲಿನ ವಾಕ್‌ವೇ ಚಾವಣಿಗೆ, ಕೆಳಗಿನದು ಮೇಲಿನ ವಾಕ್‌ವೇಗೆ. ಅಲ್ಲಿಗೆ ಮೇಲಿನ ತೊಲೆಯ ಅಡಿಯ ನಟ್ ಮೇಲೆ ಭಾರ ಎರಡರಷ್ಟಾಯಿತು! ಈ ಲೆಕ್ಕ ಮೊದಲ ವರ್ಷದ ಸ್ಟ್ಯಾಟಿಕ್ಸ್ (ನಿಂತ ವಸ್ತುಗಳ ಮೇಲಿನ ಬಲಗಳ ಲೆಕ್ಕ), ಅಲ್ವಾ? ಆದರೂ ಯಾರೂ ಮಾಡಿರಲಿಲ್ಲ, ಡ್ರಾಯಿಂಗಿಗೆ ಎಂಜಿನಿಯರ್ ಮುದ್ರೆ ಮಾತ್ರ ಬಿದ್ದಿತ್ತು. ತಪ್ಪು ಯಾರದ್ದು, ಬದಲಾವಣೆ ಕೇಳಿದ ಸ್ಟೀಲ್ ಕಂಪನಿಯದ್ದಾ, ಮುದ್ರೆ ಒತ್ತಿದವರದ್ದಾ ಅಂತ ಕ್ಲಾಸಿನಲ್ಲಿ ಸಿವಿಲ್ಲು, ಮೆಕ್ಯಾನಿಕಲ್ಲು, ಕಂಪ್ಯೂಟರ್ ಸೈನ್ಸಿನವರು ಸೇರಿ ಜಗಳ ಆಡಿದ್ದು ಯಾವ ಪಠ್ಯಪುಸ್ತಕದಲ್ಲೂ ಸಿಗಲ್ಲ. ಕೊನೆಗೆ ಲೈಸೆನ್ಸ್ ಕಳೆದುಕೊಂಡಿದ್ದು ಎಂಜಿನಿಯರ್‌ಗಳು.

ನಮ್ಮ ಕಡೆಯಿಂದ ಹೋದವರು ಸುಮ್ನೆ ಕೂತು ನೋಟ್ಸ್ ಬರೀತೀವಿ. ಇಲ್ಲಿ ಅದು ನಡೆಯಲ್ಲ, ಮೊದಲೇ ಓದಿಕೊಂಡು ಬಂದು ಬಾಯಿ ಬಿಡಬೇಕು. ಹಾಗೆ ಮಾತಾಡಿದರೆ ಪ್ರೊಫೆಸರ್‌ಗೆ ನಿಮ್ಮ ಹೆಸರು ಗೊತ್ತಾಗುತ್ತೆ. ಇನ್ನೂರು ಜನರ ಕ್ಲಾಸಿನಲ್ಲಿ ಎ ಗ್ರೇಡ್ ತಗೊಂಡರೂ ಗೊತ್ತಾಗಲ್ಲ! ಮುಂದೆ ಲ್ಯಾಬಿನಲ್ಲಿ ಕೆಲಸ ಕೇಳೋಕೆ, ರೆಕಮೆಂಡೇಶನ್ ಲೆಟರ್ ಬರೆಸಿಕೊಳ್ಳೋಕೆ ಇದೇ ದಾರಿ. ಹಾಗಾಗಿ ವಿಷಯಕ್ಕಿಂತ ಯಾರು ನಡೆಸ್ತಾರೆ ಅಂತ ನೋಡಿ. ಹೆಸರಲ್ಲಿ 'ಲೀಡರ್‌ಶಿಪ್' ಅಂತ ಇದ್ದರೆ ನಾನಂತೂ ಕೊನೆಗೆ ಇಡ್ತೀನಿ.

ಇನ್ನು ಲೆಕ್ಕಾಚಾರ. ಎಫ್-1 ವೀಸಾದಲ್ಲಿ (ಅಮೆರಿಕದ ವಿದ್ಯಾರ್ಥಿ ವೀಸಾ) ಪದವಿ ಓದುವವರಿಗೆ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಬೇಕು. ಸೆಮಿನಾರ್ ಸೇರಿಸಿ ಸರಿಯಾಗಿ 12 ಮಾಡಿಕೊಂಡಿದ್ದರೆ ಅದನ್ನು ಬಿಟ್ಟ ದಿನ 11 ಆಗುತ್ತೆ, ಬಿಡೋ ಮುಂಚೆ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳಲೇಬೇಕು. ಫೀಸು ಕೆಲವು ಕಡೆ ಕ್ರೆಡಿಟ್ ಲೆಕ್ಕ, ಕೆಲವು ಕಡೆ ಒಂದು ಮಿತಿಯವರೆಗೆ ಒಂದೇ ರೇಟು, ಅದನ್ನೂ ವಿಚಾರಿಸಿ. ಅರ್ಧ ಸೆಮಿಸ್ಟರಿನದ್ದಾದರೆ ಮೊದಲರ್ಧದ್ದೇ ಹಿಡೀರಿ, ಎರಡನೇ ಅರ್ಧದಲ್ಲಿ ಪ್ರಾಜೆಕ್ಟ್‌ಗಳು ಜಾಸ್ತಿ.