ಹಸು ಕಟ್ಟೋದಕ್ಕೂ ಮೊದ್ಲು ಮೇವು ನೋಡ್ಕೊಳ್ಳಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸಾರ್, ನಾನು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬರ್ತಾ ಇದೀನಿ. ನಮ್ದು ಎರಡೂವರೆ ಎಕರೆ, ಅದ್ರಲ್ಲಿ ಒಂದೆಕರೆ ತೆಂಗು, ಬೋರಲ್ಲಿ ಒಂದೂವರೆ ಇಂಚು ನೀರಿದೆ. ಮನೇಲಿ ನಾನು, ಹೆಂಡತಿ, ಅಪ್ಪ, ಅಮ್ಮ. ಸಾಲ ಮಾಡಿ ಒಂದೇ ಸಲ ಐದು ಎಚ್ಚೆಫ್ (ಹೋಲ್‌ಸ್ಟೀನ್ ಫ್ರೀಷಿಯನ್ ಅನ್ನೋ ಸೀಮೆ ತಳಿ) ಹಸು ತರೋಣ, ಜೊತೆಗೆ ಇಪ್ಪತ್ತು ಕುರಿನೂ ಇರ್ಲಿ ಅಂತ ಪ್ಲ್ಯಾನ್ ಮಾಡಿದೀನಿ. ಕೊಟ್ಟಿಗೆಗೆ ಎಸ್ಟಿಮೇಟ್ ಹಾಕ್ಸಿದೀನಿ. ಮುಂದಿನ ತಿಂಗಳೇ ಶುರು ಮಾಡ್ಬೇಕು ಅಂತಿದೀನಿ, ಏನಂತೀರಿ?
(ಅರಸೀಕೆರೆ ತಾಲೂಕಿನ ಓದುಗರು)

ಉತ್ತರ: ಊರಿಗೆ ಬರ್ತಿರೋದು ತುಂಬಾ ಖುಷಿ ತಮ್ಮಾ, ಆದ್ರೆ ಮುಂದಿನ ತಿಂಗಳು ಬೇಡ. ನಿಮ್ಮ ಪತ್ರದಲ್ಲಿ ಹಸು ಇದೆ, ಕುರಿ ಇದೆ, ಸಾಲ ಇದೆ, ಕೊಟ್ಟಿಗೆ ಇದೆ, ಅವು ಏನು ತಿಂತವೆ ಅನ್ನೋದು ಮಾತ್ರ ಎಲ್ಲೂ ಇಲ್ಲ. ಜುಲೈ ಆಗಸ್ಟಲ್ಲಿ ನಮ್ಮ ಕಡೆ ಬದುಗಳೆಲ್ಲ ಹಸಿರಾಗಿರ್ತವೆ, ಆವಾಗ ಹತ್ತು ಹಸು ಬೇಕಾದ್ರೂ ಸಾಕಬಹುದು ಅನ್ಸುತ್ತೆ. ಲೆಕ್ಕ ಹಾಕ್ಬೇಕಾಗಿರೋದು ಮಾರ್ಚಿಂದ ಮೇ ತಿಂಗಳದ್ದು. ಆ ಮೂರು ತಿಂಗಳು ನಿಮ್ಮ ಹೊಲ, ನಿಮ್ಮ ಬೋರು ಎಷ್ಟು ಹಸೂನ ಸಾಕುತ್ತೋ ಅಷ್ಟೇ ಹಸು ನಿಮ್ಮದು. ಬೋರಲ್ಲಿ ಒಂದೂವರೆ ಇಂಚು ಅಂದ್ರಲ್ಲ, ಅದು ಯಾವ ತಿಂಗಳಲ್ಲಿ ನೋಡಿದ್ದು? ಏಪ್ರಿಲ್ ಕೊನೇಲಿ ಎಷ್ಟು ಹೊತ್ತು ಓಡುತ್ತೆ, ಮಧ್ಯ ಎಷ್ಟು ಸಲ ನಿಲ್ಲುತ್ತೆ ಅಂತ ಅಪ್ಪನ್ನ ಕೇಳಿ, ಅವ್ರಿಗೆ ಗೊತ್ತಿರುತ್ತೆ. ಹಾಲು ಕೊಡೋ ಹಸು ಕುಡಿಯೋಕೇ ದಿನಕ್ಕೆ 60-70 ಲೀಟರ್ ಬೇಕು, ಬಿಸಿಲಲ್ಲಿ ಇನ್ನೂ ಜಾಸ್ತಿ, ಮೈ ತೊಳೆಯೋಕೆ ಕೊಟ್ಟಿಗೆ ತೊಳೆಯೋಕೆ ಬೇರೆ, ಅದೇ ಬೋರಲ್ಲಿ ತೆಂಗಿಗೂ ನೀರು ಹೋಗ್ಬೇಕು.

ಈಗ ಮೇವಿನ ಲೆಕ್ಕ. ಒಂದು ಸೀಮೆ ಹಸುಗೆ ದಿನಕ್ಕೆ ಸುಮಾರು 25 ಕೆಜಿ ಹಸಿ ಮೇವು, 5 ಕೆಜಿ ಒಣ ಹುಲ್ಲು ಅಂತ ಇಟ್ಕೊಳ್ಳಿ. ವರ್ಷಕ್ಕೆ 9 ಟನ್ ಹಸಿದು, ಹತ್ತಿರ ಹತ್ತಿರ 2 ಟನ್ ಒಣದು. ಐದು ಹಸು ಅಂದ್ರೆ ಐದರಿಂದ ಗುಣಿಸಿ ನೋಡಿ, ಹೊಲದಲ್ಲಿ ರಾಗಿ ಹಾಕೋಕೆ ಜಾಗ ಎಲ್ಲಿದೆ? ಎರಡೇ ಹಸು ಆದ್ರೆ ಚೆನ್ನಾಗಿ ಕೂರುತ್ತೆ. ಹತ್ತು ಹನ್ನೆರಡು ಗುಂಟೇಲಿ ಹೈಬ್ರಿಡ್ ನೇಪಿಯರ್ ಅನ್ನೋ ಮೇವಿನ ಹುಲ್ಲು, ಸಿಓ-4 ತಳಿ ಆಗ್ಲಿ ಸಿಓ-5 ಆಗ್ಲಿ, ಜೂನಲ್ಲಿ ನೆಟ್ಬಿಡಿ, 75-80 ದಿನಕ್ಕೆ ಮೊದಲನೇ ಕೊಯ್ಲು, ಆಮೇಲೆ ಒಂದೂವರೆ ತಿಂಗಳಿಗೊಂದ್ಸಲ. ಎಕರೆಗೆ ನೂರೈವತ್ತು ಟನ್ ಬರುತ್ತೆ ಅಂತ ಹೇಳ್ತಾರೆ, ಅದು ನೀರು ಗೊಬ್ಬರ ಎಲ್ಲಾ ಸರಿಯಾಗಿ ಬಿದ್ದಾಗಿನ ಮಾತು, ನೀವು ಅದರಲ್ಲಿ ಅರ್ಧ ಹಿಡ್ಕೊಂಡೇ ಪ್ಲ್ಯಾನ್ ಮಾಡಿ. ತೆಂಗಿನ ಸಾಲುಗಳ ಮಧ್ಯೆ ಬಿಸಿಲು ಬೀಳೋ ಕಡೆನೂ ಹಾಕಬಹುದು, ಬದು ಮೇಲೆ ಚೊಗಚೆ, ಗ್ಲಿರಿಸಿಡಿಯಾ ನೆಡಿ, ಬೇಸಿಗೇಲಿ ಆ ಸೊಪ್ಪೇ ಕೈ ಹಿಡಿಯೋದು.

ಬೇಸಿಗೆಗೆ ಅಂತಾನೇ ಇನ್ನೊಂದು ಹತ್ತು ಗುಂಟೇಲಿ ಮಳೆಗೇ ಬೆಳೆಯೋ ಮುಸುಕಿನ ಜೋಳ ಇಡಿ. ಅದು ಹಾಲುಗಾಳು ಕಳೆದು ಸ್ವಲ್ಪ ಗಟ್ಟಿ ಆಗ್ತಿರೋವಾಗ ಕಡ್ಡಿ ಸಮೇತ ಕೊಯ್ದು, ಸಣ್ಣಕ್ಕೆ ಕತ್ತರಿಸಿ, ಬ್ಯಾಗಲ್ಲೋ ಗುಂಡೀಲೋ ಗಾಳಿ ಆಡದಂಗೆ ತುಳಿದು ಮುಚ್ಚಿಟ್ರೆ ಒಂದೂವರೆ ತಿಂಗಳಿಗೆ ಸೈಲೇಜ್, ಅಂದ್ರೆ ಹುಳಿ ಬಂದ ರಸಮೇವು, ಆಗುತ್ತೆ. ಬಾಯಿ ಬಿಚ್ಚದೆ ಇಟ್ರೆ ಬೇಸಿಗೆವರೆಗೂ ಕೆಡಲ್ಲ. ದಿನಕ್ಕೆ ಹಸುಗೆ 15 ಕೆಜಿ ಅಂದ್ರೂ ಎರಡಕ್ಕೆ ನಾಲ್ಕು ತಿಂಗಳಿಗೆ ಮೂರೂವರೆ ಟನ್ನು, ಹತ್ತು ಗುಂಟೇಲಿ ಬೆಳೆಯೋ ಅಂಥದ್ದೇ. ಇದಕ್ಕೆ ಬೋರ್ ನೀರು ಬೇಡ ನೋಡಿ, ಮಳೇಲೇ ಆಗೋದು, ಅದಕ್ಕೇ ನಂಗೆ ಇದ್ರ ಮೇಲೆ ಇಷ್ಟು ಆಸೆ. ಒಣ ಹುಲ್ಲು ನಿಮ್ಮ ರಾಗೀದು ಸಾಲ್ದಿದ್ರೆ ಡಿಸೆಂಬರ್ ಜನವರಿಲಿ ಕಣದ ಕೆಲ್ಸ ಮುಗಿಯೋ ಹೊತ್ತಿಗೇ ಕೊಂಡು ಮೆದೆ ಹಾಕ್ಬಿಡಿ, ಏಪ್ರಿಲಲ್ಲಿ ಹುಡುಕ್ಕೊಂಡು ಹೋದ್ರೆ ಅವರು ಹೇಳಿದ್ದೇ ರೇಟು.

ಆಮೇಲೆ ಹಸು ತರೋದು. ಐದನ್ನೂ ಒಂದೇ ಸಲ ತರೋದ್ರಲ್ಲಿ ಇರೋ ತೊಂದರೆ ಮೇವು ಒಂದೇ ಅಲ್ಲ. ಹಸು ಕರು ಹಾಕಿ ಹತ್ತು ತಿಂಗಳು ಹಾಲು ಕೊಟ್ಟು, ಮುಂದಿನ ಕರುಗೆ ಎರಡು ತಿಂಗಳು ಮುಂಚೆ ಹಾಲು ಬತ್ತಿಸ್ಬೇಕು. ಎಲ್ಲವೂ ಈಗ ತಾನೇ ಕರು ಹಾಕಿರೋವು ತಂದ್ರೆ ಎಲ್ಲವೂ ಹೆಚ್ಚುಕಮ್ಮಿ ಒಟ್ಟಿಗೇ ಬತ್ತುತ್ವೆ, ಆ ಎರಡು ತಿಂಗಳು ಡೈರಿಗೆ ಹಾಕೋಕೆ ಹಾಲಿರಲ್ಲ, ಹಿಂಡಿ ಬೂಸಾ ಖರ್ಚು ಸಾಲದ ಕಂತು ಎರಡೂ ನಿಲ್ಲಲ್ಲ. ಅದಕ್ಕೆ ನೇಪಿಯರ್ ಮೊದಲನೇ ಕೊಯ್ಲಿಗೆ ಬಂದ್ಮೇಲೆ, ಸೆಪ್ಟೆಂಬರ್ ಅಕ್ಟೋಬರಲ್ಲಿ ಒಂದು ಹಸು ತನ್ನಿ, ಇನ್ನೊಂದು ಐದಾರು ತಿಂಗಳು ಬಿಟ್ಟು. ಎರಡನೇ ಅಥವಾ ಮೂರನೇ ಸೂಲಿನ, ಅಂದ್ರೆ ಎರಡನೇ ಮೂರನೇ ಕರು ಹಾಕಿರೋ ಹಸು ಆಗಿರ್ಲಿ. ಕೊಳ್ಳೋ ಮುಂಚೆ ಸಾಯಂಕಾಲ ಒಂದ್ಸಲ, ಬೆಳಿಗ್ಗೆ ಒಂದ್ಸಲ, ಮತ್ತೆ ಸಾಯಂಕಾಲ ಕಣ್ಣೆದುರೇ ಕರೆಸಿ ಅಳೆದು ನೋಡಿ, ನಾಲ್ಕು ಮೊಲೆನೂ ಬೇರೆ ಬೇರೆ ಕರೆದು ಹಾಲು ಒಡೆದಿದ್ಯಾ ಗಂಟಿದ್ಯಾ ನೋಡಿ. ಕೆಚ್ಚಲುಬಾವು ಬಂದು ಹೋಗಿರೋ ಹಸೂನ ಕೊಂಡ್ರೆ ಆ ದುಡ್ಡು ವಾಪಸ್ ಬರೋದು ಬಹಳ ಕಷ್ಟ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಂದ್ಸಲ ಸರ್ಕಾರದಿಂದ ಫ್ರೀಯಾಗಿ ಹಾಕ್ತಾರೆ, ಕೊಳ್ಳೋ ಹಸುಗೆ ಆಗಿದ್ಯಾ ಕೇಳಿ. 2022ರಲ್ಲಿ ಚರ್ಮಗಂಟು ರೋಗ ಎಷ್ಟು ಕೊಟ್ಟಿಗೆ ಖಾಲಿ ಮಾಡ್ತು ಅಂತ ನಿಮ್ಮೂರಲ್ಲೇ ಹೇಳ್ತಾರೆ, ಆ ಲಸಿಕೆನೂ ಬಿಡ್ಬೇಡಿ. ಎರಡನೇ ಹಸು ಬಂದಾಗ ಮೂರು ವಾರ ಬೇರೆ ಕಡೆ ಕಟ್ಟಿ. ಇನ್ಶೂರೆನ್ಸ್ ಮಾಡ್ಸಿ, ಕಿವಿ ಟ್ಯಾಗ್ ಬಿದ್ದೋದ್ರೆ ಅವತ್ತೇ ತಿಳಿಸಿ, ಟ್ಯಾಗ್ ಇಲ್ದೆ ಕ್ಲೇಮ್ ಸಿಗಲ್ಲ.

ಕೊಟ್ಟಿಗೆಗೆ ಈಗ ದುಡ್ಡು ಸುರೀಬೇಡಿ. ಹಸುಗೆ ನಲವತ್ತು ಚದರಡಿ ನೆರಳು, ಜಾರದ ನೆಲ, ಗಂಜಲ ನಿಲ್ಲದಂಗೆ ಹತ್ತಡಿಗೆ ಎರಡು ಮೂರು ಇಂಚು ಇಳಿಜಾರು, ಹಗಲು ಬಿಡೋಕೆ ಬಯಲು ಜಾಗ, ಇಷ್ಟಿದ್ರೆ ಸಾಕು. ಉಳಿದ ದುಡ್ಡು ಮೂರು ತಿಂಗಳ ಹಿಂಡಿಗೆ ಅಂತ ಬ್ಯಾಂಕಲ್ಲಿ ಇರ್ಲಿ. ಕಿಸಾನ್ ಕ್ರೆಡಿಟ್ ಕಾರ್ಡ್ ಹೈನುಗಾರಿಕೆಗೂ ಸಿಗುತ್ತೆ, ವಿಚಾರಿಸಿ.

ಕುರಿ ಎರಡನೇ ವರ್ಷಕ್ಕೆ ಇರ್ಲಿ. ಇಪ್ಪತ್ತು ಕುರಿ ಹಿಂದೆ ದಿನಾ ಪೂರ್ತಿ ಒಬ್ರು ಇರ್ಬೇಕು, ನಿಮ್ಮನೇಲಿ ಅದು ಅಪ್ಪನ ಮೇಲೇ ಬೀಳುತ್ತೆ. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆಯೋರು ಯಾರು, ನಿಮಗೆ ಜ್ವರ ಬಂದ ದಿನ ಯಾರು, ಮದುವೆಗೆ ಹೋದ ದಿನ ಯಾರು ಅಂತ ನಾಲ್ಕೂ ಜನ ಕೂತು ಮಾತಾಡಿ. ನಿಮ್ಮ ಹೆಂಡತಿ ಏನಂತಾರೆ ಅಂತ ಪತ್ರದಲ್ಲಿ ಬರೆದಿಲ್ಲ, ಅವ್ರನ್ನ ಕೇಳಿ, ಅರ್ಧಕ್ಕಿಂತ ಜಾಸ್ತಿ ಕೆಲ್ಸ ಅವ್ರ ಕೈಲೇ ಆಗೋದು.

ಪ್ರಶ್ನೆ: ನಮ್ದು ಒಂದೂವರೆ ಎಕರೆ ಕಾಫಿ ತೋಟ. ಮನೆ ಹಾಲಿಗೆ, ತೋಟದ ಗೊಬ್ಬರಕ್ಕೆ ಅಂತ ಎರಡು ಹಸು ಸಾಕ್ಬೇಕು. ಅತ್ತೆ ನಮ್ಮ ಕಡೆ ನಾಟಿ ತಳಿ ಮಲೆನಾಡು ಗಿಡ್ಡನೇ ಸಾಕು ಅಂತಾರೆ, ಯಜಮಾನ್ರು ಜರ್ಸಿ ತರೋಣ ಅಂತಾರೆ. ಮಳೆಗಾಲಕ್ಕೆ ಏನು ತಯಾರಿ ಬೇಕು?
(ಮೂಡಿಗೆರೆಯ ಓದುಗರು)

ಉತ್ತರ: ಅತ್ತೆ ಹೇಳಿದ್ದೇ ಸರಿ ಕಣಮ್ಮ. ಹಾಲು ಮಾರೋ ಉದ್ದೇಶ ಇಲ್ಲ ಅಂದ್ಮೇಲೆ ಜರ್ಸಿ ಹೊಟ್ಟೆ ತುಂಬ್ಸೋ ಕಷ್ಟ ಯಾಕೆ? ಗಿಡ್ಡ ದಿನಕ್ಕೆ ಒಂದೆರಡು ಲೀಟರ್ ಕೊಡುತ್ತೆ, ನಿಮ್ಮ ಕಡೆ ಮಳೆ ತಡ್ಕೊಳ್ಳುತ್ತೆ, ಗುಡ್ಡ ಹತ್ತಿ ಮೇದು ಬರುತ್ತೆ. ಕೊಟ್ಟಿಗೇಲಿ ಮಳೆ ಹೊಡೆಯೋ ಪಶ್ಚಿಮದ ಕಡೆ ಗೋಡೆ ಇರ್ಲಿ, ಪೂರ್ವಕ್ಕೆ ತೆರೆದಿರ್ಲಿ. ಮಳೆಗಾಲದಲ್ಲಿ ಸೊಪ್ಪು, ಬೇಸಿಗೇಲಿ ದರಗು (ಒಣಗಿದ ಎಲೆ) ಹಾಸೋ ಹಳೇ ಪದ್ಧತಿ ಬಿಡ್ಬೇಡಿ, ಗಂಜಲ ಎಲ್ಲಾ ಅದ್ರಲ್ಲೇ ಇಂಗಿ ಒಳ್ಳೆ ಗೊಬ್ಬರ ಆಗೋದು ಹಂಗೇ. ಗೊಬ್ಬರದ ಗುಂಡಿ ಮೇಲೆ ಒಂದು ಸೂರು ಹಾಕಿ, ಇಲ್ದಿದ್ರೆ ಸಾರ ಎಲ್ಲಾ ಮಳೆ ನೀರಲ್ಲಿ ತೊಳೆದು ಹಳ್ಳ ಸೇರುತ್ತೆ. ಜೂನಿಂದ ಸೆಪ್ಟೆಂಬರಿಗೆ ಬೇಕಾದ ಭತ್ತದ ಹುಲ್ಲನ್ನ ಮೇ ಒಳಗೇ ಅಟ್ಟಕ್ಕೆ ಏರ್ಸಿ, ಬೂಷ್ಟು ಹಿಡಿದ ಹುಲ್ಲು ಹಾಕ್ಲೇಬೇಡಿ. ಭತ್ತದ ಹುಲ್ಲಲ್ಲಿ ಸತ್ವ ಕಮ್ಮಿ, ಜೊತೆಗೆ ಖನಿಜ ಮಿಶ್ರಣ ದಿನಾ ಕೊಡಿ. ಇನ್ನೊಂದು ಮುಖ್ಯವಾದ್ದು, ತೋಟದಲ್ಲಿ ಕಳೆನಾಶಕ ಹೊಡೆಯೋ ದಿನ ಮೊದ್ಲೇ ಹೇಳೋಕೆ ಯಜಮಾನ್ರಿಗೆ ಹೇಳಿ, ಆ ಜಾಗದ ಹುಲ್ಲು ಹಸುಗೆ ಬೇಡ.

ಪ್ರಶ್ನೆ: ಅಮೃತಮಹಲ್ ಹಸು ನಾಲ್ಕು ತಂದು ತುಪ್ಪ ಮಾಡಿ ಮಾರೋಣ ಅಂತಿದೀನಿ, ಆಗುತ್ತಾ?
(ಕಡೂರು ತಾಲೂಕಿನ ಓದುಗರು)

ಉತ್ತರ: ತುಪ್ಪಕ್ಕೆ ಅಂತ ತರ್ಬೇಡಿ. ಅಮೃತಮಹಲ್ ದುಡಿಮೆಯ ತಳಿ, ಹೈದರ್ ಟಿಪ್ಪು ಕಾಲದಲ್ಲಿ ಸೈನ್ಯದ ಸಾಮಾನು ಎಳೆದಿರೋವು, ಹಾಲು ಕರುಗೆ ಸಾಕಾಗಿ ಸ್ವಲ್ಪ ಉಳಿದ್ರೆ ಅದೇ ಹೆಚ್ಚು. ನಿಮ್ಮ ಪಕ್ಕದ ಅಜ್ಜಂಪುರದಲ್ಲೇ ಈ ತಳಿ ಸಾಕೋ ಸರ್ಕಾರಿ ಕೇಂದ್ರ ಇದೆ, ಒಂದ್ಸಲ ಹೋಗಿ ನೋಡ್ಬನ್ನಿ. ಅವು ಬಯಲಲ್ಲಿ, ಕಾವಲಲ್ಲಿ (ಹುಲ್ಲುಗಾವಲಲ್ಲಿ) ಮೇದು ಬೆಳೆದಿರೋವು, ಸ್ವಭಾವ ಬಿರುಸು, ನಾಲ್ಕು ಗೋಡೆ ಮಧ್ಯೆ ಕಟ್ಟಿ ಸಾಕೋದು ಅವುಕ್ಕೂ ಹಿಂಸೆ ನಿಮಗೂ ಹಿಂಸೆ. ಉಳುಮೆಗೆ ಎತ್ತು ಬೇಕು, ತಳಿ ಉಳೀಲಿ ಅನ್ನೋ ಆಸೆ ಇದೆ, ಮೇಯೋಕೆ ಜಾಗನೂ ಇದೆ ಅಂದ್ರೆ ಖಂಡಿತ ಒಂದು ಜೋಡಿ ಹೋರಿಕರು ತಂದು ಸಾಕಿ, ಎರಡು ಮೂರು ವರ್ಷ ಅವುಗಳಿಂದ ದುಡ್ಡು ಬರಲ್ಲ ಅನ್ನೋದನ್ನ ಮನೇಲಿ ಮೊದ್ಲೇ ಹೇಳಿಡಿ.