ಮಂಗನ ಕಾಯಿಲೆ ತಡೆಯಲು ಆರೋಗ್ಯ, ಪಶು, ಅರಣ್ಯ ಇಲಾಖೆಯವರಿಗೆ ಒಟ್ಟಿಗೆ ತರಬೇತಿ ಕೊಟ್ಟರೆ ನಿಜಕ್ಕೂ ಉಪಯೋಗ ಇದೆಯಾ?

ಖಂಡಿತ ಇದೆ. ನಾನು ಮಲೆನಾಡಿನಲ್ಲಿ ಪಶು ವೈದ್ಯ. ಆದರೆ ಮೂರೂ ಇಲಾಖೆಯವರನ್ನು ಸುಮ್ನೆ ಹಾಲ್‌ನಲ್ಲಿ ಕೂರಿಸಿ, ಸ್ಲೈಡ್ ತೋರಿಸಿ, ಊಟ ಹಾಕಿ ಕಳಿಸಿದರೆ ಏನೂ ಆಗುವುದಿಲ್ಲ. ಮಂಗ ಸತ್ತಿದೆ ಅಂತ ಗೊತ್ತಾದ ಕೂಡಲೇ ಯಾರು ಏನು ಮಾಡಬೇಕು ಅನ್ನೋದನ್ನು ಕಾಡಂಚಿನಲ್ಲೇ ನಿಂತು ಒಟ್ಟಿಗೆ ಮಾಡಿ ನೋಡಬೇಕು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಈ ಜ್ವರದ ಕಾಯಿಲೆ ಪತ್ತೆಯಾದಾಗಲೂ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಇದನ್ನು ಹರಡುವುದು ಉಣ್ಣೆ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳ. ಮಂಗವೋ ಮುಸ್ಯವೋ (ಕಪ್ಪು ಮುಖದ ದೊಡ್ಡ ಕೋತಿ) ಸತ್ತು ಮೈ ತಣ್ಣಗಾದರೆ ಅದರ ಮೇಲಿದ್ದ ಉಣ್ಣೆಗಳು ಇಳಿದು ತರಗೆಲೆ ಸೇರುತ್ತವೆ. ಸೌದೆಗೆ, ಸೊಪ್ಪಿಗೆ ಅಂತ ಅಲ್ಲಿಗೆ ಹೋದವರಿಗೆ ಹತ್ತುತ್ತವೆ. ಅದಕ್ಕೇ ಸತ್ತ ಮಂಗದ ಸುತ್ತ 50 ಮೀಟರ್‌ವರೆಗೆ ಉಣ್ಣೆ ಸಾಯುವ ಪುಡಿ ಹಾಕುವುದು. ತಡವಾದರೆ ಹಾಕಿ ಏನು ಬಂತು?

ಒಂದು ತರಬೇತಿಯಲ್ಲಿ ಗೋಣಿಚೀಲಕ್ಕೆ ಹುಲ್ಲು ತುಂಬಿ ಅಡಿಕೆ ತೋಟದ ಅಂಚಿನಲ್ಲಿ ಇಟ್ಟಿದ್ದೆವು. ಅದೇ ಸತ್ತ ಮಂಗ ಅಂತ ಲೆಕ್ಕ. ಮೊದಲು ನೋಡಿದ ಫಾರೆಸ್ಟ್ ವಾಚರ್ ತಮ್ಮ ಗಾರ್ಡ್‌ಗೆ ಫೋನ್ ಮಾಡಿದರು. ಆಶಾ ಕಾರ್ಯಕರ್ತೆ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಮಾಡಿದರು. ಮರಣೋತ್ತರ ಪರೀಕ್ಷೆ ಮಾಡಬೇಕಾದವನು ನಾನು, ನನ್ನ ನಂಬರ್ ಇಬ್ಬರ ಹತ್ತಿರವೂ ಇರಲಿಲ್ಲ! ಹೊತ್ತು ಹೋದಷ್ಟೂ ಹೆಣ ಕೊಳೆಯುತ್ತದೆ, ಸ್ಯಾಂಪಲ್ ಕೆಡುತ್ತದೆ. ಅವತ್ತು ಅಲ್ಲೇ ನಿಂತು ಎಲ್ಲರೂ ನಂಬರ್ ಬರೆದುಕೊಂಡೆವು. ಸ್ಯಾಂಪಲ್ ಡಬ್ಬಿಗೆ ಐಸ್ ಎಲ್ಲಿಂದ, ಶಿವಮೊಗ್ಗದ ಲ್ಯಾಬ್‌ಗೆ ಯಾವ ಗಾಡಿ, ಪುಡಿ ಹಾಕುವವರು ಯಾರು ಅಂತ ಮಾತಾಡಿಕೊಂಡೆವು. ನನ್ನ ಪ್ರಕಾರ ಇದೇ ತರಬೇತಿ.

ಕಾಡಿನ ಯಾವ ಮೂಲೆಯಲ್ಲಿ ಮಂಗ ಬಿದ್ದಿದೆ ಅಂತ ವಾಚರ್‌ಗೆ ಗೊತ್ತು. ಯಾವ ಮನೆಯಲ್ಲಿ ಜ್ವರ ಅಂತ ಆಶಾಗೆ ಗೊತ್ತು. ಯಾರ ದನ ಎಲ್ಲಿ ಮೇಯುತ್ತದೆ ಅಂತ ನಮಗೆ ಗೊತ್ತು. ದನಗಳು ಇದರಿಂದ ಸಾಯುವುದಿಲ್ಲ, ಆದರೆ ದೊಡ್ಡ ಉಣ್ಣೆಗಳು ಅವುಗಳ ರಕ್ತ ಕುಡಿದೇ ಹೆಚ್ಚಾಗುತ್ತವೆ. ಮೂವರ ಮಾಹಿತಿಯೂ ಒಂದೇ ನಕ್ಷೆ ಮೇಲೆ ಬರಬೇಕು ಅಲ್ವಾ?

ಇನ್ನೊಂದು, ತರಬೇತಿ ನವೆಂಬರ್ ಒಳಗೇ ಮುಗಿಯಬೇಕು. ಡಿಸೆಂಬರ್‌ನಿಂದ ಮೇವರೆಗೆ ಕಾಯಿಲೆಯ ಕಾಲ. ವರ್ಗಾವಣೆ ಆಗುತ್ತಲೇ ಇರುತ್ತದೆ, ಹಾಗಾಗಿ ಪ್ರತಿ ವರ್ಷ ಮಾಡಬೇಕು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಈ ಕಾಯಿಲೆಯಿಂದ ಪಟ್ಟ ಪಾಡು ನಮ್ಮ ಕಡೆ ಯಾರೂ ಮರೆತಿಲ್ಲ. ಇದಕ್ಕೆ ಕೊಡುತ್ತಿದ್ದ ಹಳೆಯ ಲಸಿಕೆಯನ್ನೂ 2022ರಲ್ಲಿ ನಿಲ್ಲಿಸಿದರು.

ಊರಿನ ಖಾಸಗಿ ಕ್ಲಿನಿಕ್ ಡಾಕ್ಟರನ್ನೂ ಮೆಡಿಕಲ್ ಶಾಪ್‌ನವರನ್ನೂ ದಯವಿಟ್ಟು ಕರೆಯಿರಿ. ಜ್ವರ ಬಂದವರು ಮೊದಲು ಹೋಗುವುದು ಅಲ್ಲಿಗೇ. "ಕಾಡಿಗೆ ಹೋಗಿದ್ರಾ? ಹತ್ತಿರದಲ್ಲಿ ಮಂಗ ಸತ್ತಿತ್ತಾ?" ಅಂತ ಅವರು ಕೇಳಬೇಕು. ಹೌದು ಅಂದರೆ ಮಾತ್ರೆ ಕೊಟ್ಟು ಮನೆಗೆ ಕಳಿಸದೆ, ಅವತ್ತೇ ರಕ್ತ ಪರೀಕ್ಷೆಗೆ ಪಿಎಚ್‌ಸಿಗೆ ಕಳಿಸಬೇಕು.