ಹತ್ತು ಬೇಡ, ಒಂದು ಸಾಕು

ನಮಸ್ಕಾರ,

ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅಂದರೆ ಒಬ್ಬ ಕಥೆ ನಡೆಸುತ್ತ ಉಳಿದವರು ಪಾತ್ರಗಳಾಗಿ ದಾಳ ಹಾಕಿ ಆಡುವ ಆಟ, ಅದರ ಬರೆದಿಟ್ಟ ಕಥೆಗಳ ಬಗ್ಗೆ ನೀವು ಕಳಿಸಿದ ಲೇಖನ 'ಹೊಸಬರಿಗೆ ಹತ್ತು ಅದ್ಭುತ ಸಾಹಸಗಳು' ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಸುತ್ತಿ ಬಳಸಿ ಹೇಳಿದರೆ ನಿಮಗೂ ಬೇಜಾರು, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಆದರೆ ಏಳನೇ ಸಾಹಸದಲ್ಲಿ ಒಂದು ಸಾಲಿದೆ, ಅದಕ್ಕೋಸ್ಕರ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಜಗಳ ಮುಗಿಸೋಣ. ಪಟ್ಟಿಯ ತಲೆಯಲ್ಲೇ 'ಕರ್ಸ್ ಆಫ್ ಸ್ಟ್ರಾಡ್' ಇಟ್ಟು 'ಹೊಸಬರಿಗೆ ಹೇಳಿ ಮಾಡಿಸಿದ್ದು' ಅಂದಿದ್ದೀರಿ. 2016ರ ಆ ಪುಸ್ತಕ ನನಗೂ ಇಷ್ಟ. ಆದರೆ ಶುರುವಿನಲ್ಲಿ ಡೆತ್ ಹೌಸ್ ಅಂತ ಒಂದು ಮನೆ ಬರುತ್ತದಲ್ಲ, ಅದರ ನೆಲಮಾಳಿಗೆಯ ಕೆಳಗೆ ಕಾದಿರುವ ಶಾಂಬ್ಲಿಂಗ್ ಮೌಂಡ್ ಅನ್ನುವ ಗಿಡಬಳ್ಳಿಯ ರಾಕ್ಷಸನಿಗೆ 136 ಹಿಟ್ ಪಾಯಿಂಟು (ಏಟು ತಾಳುವ ಶಕ್ತಿ, ಸೊನ್ನೆಯಾದರೆ ಬಿದ್ದಂತೆ), ಎದುರು ನಿಂತವರು ಇನ್ನೂ ಎರಡನೇ ಲೆವೆಲ್. ಓಡಿಹೋಗಬಹುದು ಅಂತ ಹೊಸಬರಿಗೆ ಹೊಳೆಯುವುದೇ ಇಲ್ಲ, ವಿಡಿಯೋ ಗೇಮ್ ಆಡಿ ಬಂದವರಿಗೆ ಕಂಡಿದ್ದನ್ನೆಲ್ಲ ಹೊಡೆದೇ ಅಭ್ಯಾಸ. ನಾಲ್ಕನೆಯದು 'ಟೂಂಬ್ ಆಫ್ ಹಾರರ್ಸ್'. ಈ ಆಟ ಕಟ್ಟಿದವರಲ್ಲಿ ಒಬ್ಬರಾದ ಗೈಗ್ಯಾಕ್ಸ್ ಅದನ್ನು ಬರೆದದ್ದೇ ಪಳಗಿದ ಆಟಗಾರರ ಜಂಭ ಇಳಿಸುವುದಕ್ಕೆ. ತೆಗೆಯಿರಿ.

'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್' ಒಪ್ಪಿದೆ. 2014ರ ಸ್ಟಾರ್ಟರ್ ಸೆಟ್‌ನಲ್ಲಿ ಬಂದದ್ದು, ಐದು ಕ್ಯಾರೆಕ್ಟರ್ ಶೀಟ್ (ಪಾತ್ರದ ವಿವರದ ಹಾಳೆ) ತಯಾರಾಗಿಯೇ ಇರುತ್ತವೆ, ಹಾಗಾಗಿ ಮೊದಲ ದಿನ ಪೂರ್ತಿ ಶೀಟ್ ತುಂಬುವುದರಲ್ಲೇ ಹೋಗುವುದಿಲ್ಲ. ನೀವು ಇದನ್ನು ಹೇಳಿಯೇ ಇಲ್ಲ. 'ಕಥೆ ರೋಮಾಂಚಕ' ಅಂತ ಬರೆದು ಮುಂದೆ ಹೋಗಿದ್ದೀರಿ. ನಾಳೆ ಭಾನುವಾರ ಡಿಎಂ ಆಗಿ, ಅಂದರೆ ಆಟ ನಡೆಸುವವನಾಗಿ, ಕೂರಬೇಕಾದವನು ಅದನ್ನಿಟ್ಟುಕೊಂಡು ಏನು ಮಾಡಬೇಕು? ಅವನಿಗೆ ಬೇಕಾದ್ದು ಇದು: ದಾರಿಯಲ್ಲಿ ಎರಡು ಸತ್ತ ಕುದುರೆ, ಪೊದೆಯಲ್ಲಿ ನಾಲ್ಕು ಗಾಬ್ಲಿನ್, ಅಂದರೆ ಬಿಲ್ಲು ಹಿಡಿದ ಕುಳ್ಳ ದುಷ್ಟ ಜೀವಿಗಳು. ಒಂದು ಬಾಣ ತಗುಲಿದರೆ ಆರು ಮುಖದ ದಾಳಕ್ಕೆ ಎರಡು ಕೂಡಿಸಬೇಕು, ಸರಾಸರಿ ಐದಕ್ಕಿಂತ ಸ್ವಲ್ಪ ಜಾಸ್ತಿ. ವಿಝರ್ಡ್ (ಮಂತ್ರವಾದಿ) ಹತ್ತಿರ ಇರುವುದೇ ಏಳೆಂಟು ಹಿಟ್ ಪಾಯಿಂಟು. ಎರಡು ಬಾಣಕ್ಕೆ ಮುಗೀತು.

ನಾನು ಮೊದಲ ಸಲ ನಡೆಸಿದಾಗ ವಿಝರ್ಡ್ ಆಗಿದ್ದ ಗೆಳೆಯ ಹತ್ತೇ ನಿಮಿಷದಲ್ಲಿ ಬಿದ್ದ, ಅವನ ಹಿಂದೆ ಉಳಿದವರೂ ಬಿದ್ದರು, ನಾನು ಗಂಭೀರವಾಗಿ 'ಎಲ್ಲರೂ ಸತ್ತಿರಿ' ಅಂದೆ. ಅವನು ಎದ್ದು ಹೋಗಿ ಎಲ್ಲರಿಗೂ ಟೀ ಮಾಡಿಕೊಂಡು ಬಂದ, ಮುಂದಿನ ವಾರ ಬರಲಿಲ್ಲ. ಆಟಗಾರರ ತಂಡ ಸೋತರೆ ಗಾಬ್ಲಿನ್‌ಗಳು ಪ್ರಜ್ಞೆ ತಪ್ಪಿದವರನ್ನು ಹಾಗೇ ಬಿಟ್ಟು ಸಾಮಾನು ದೋಚಿಕೊಂಡು ಹೋಗುತ್ತವೆ ಅಂತ ಪುಸ್ತಕದಲ್ಲೇ ಇತ್ತು. ನಾನು ಓದಿರಲಿಲ್ಲ. ನಿಮ್ಮ ಲೇಖನ ಓದಿದವನಿಗೂ ಅದು ಗೊತ್ತಾಗುವುದಿಲ್ಲ, ಅಲ್ವಾ?

ಈಗ ಏಳನೆಯದು, 'ಡ್ರ್ಯಾಗನ್ ಆಫ್ ಐಸ್‌ಸ್ಪೈರ್ ಪೀಕ್', 2019ರ ಎಸೆನ್ಷಿಯಲ್ಸ್ ಕಿಟ್‌ನದು. ಊರಿನ ಹಲಗೆಯ ಮೇಲೆ ಕೆಲಸಗಳ ಚೀಟಿ, ಇಷ್ಟವಾದದ್ದನ್ನು ಹಿಡಿದು ಹೊರಡಬೇಕು. ಒಬ್ಬರು ಈ ವಾರ ಚಕ್ಕರ್ ಹೊಡೆದರೂ ಕಥೆಗೆ ಪೆಟ್ಟಿಲ್ಲ. ಅದರಲ್ಲಿ ಗುಡ್ಡದ ಮೇಲೆ ಒಬ್ಬ ಸೂಲಗಿತ್ತಿಯ ಗಾಳಿಗಿರಣಿ, ಅದಕ್ಕೆ ಮುತ್ತಿಗೆ ಹಾಕಿದ ಮಾಂಟಿಕೋರ್, ಅಂದರೆ ಸಿಂಹದ ಮೈ, ಮನುಷ್ಯನ ಮುಖ, ರೆಕ್ಕೆ ಇರುವ ಪ್ರಾಣಿ. ನೀವು ಬರೆದದ್ದು: 'ನನ್ನ ಚಿಕ್ಕಮ್ಮನ ಮಗಳು ಹೊಡೆಯುವ ಬದಲು ಅದಕ್ಕೆ ಒಣಮಾಂಸ ಎಸೆದಳು.' ಅಷ್ಟೇ. ಮುಂದಿನ ಸಾಲಿಗೆ ಎಂಟನೇ ಸಾಹಸ! ಅಲ್ರೀ, ಆಮೇಲೆ ಏನಾಯ್ತು?

ಆ ಪ್ರಾಣಿಗೆ 68 ಹಿಟ್ ಪಾಯಿಂಟು, ಬಾಲದ ಮುಳ್ಳು ಒಂದೇ ಸರದಿಯಲ್ಲಿ ಮೂರು ಎಸೆಯುತ್ತದೆ. ಒಂದನೇ ಲೆವೆಲ್ಲಿನವರು ಕತ್ತಿ ಹಿಡಿದು ಹೋದರೆ ಕಷ್ಟ. ಆದರೆ ಅದಕ್ಕೆ ಮಾತು ಬರುತ್ತದೆ, ಹಸಿವೂ ಇದೆ, ಚೌಕಾಸಿ ಮಾಡಿ ಕಳಿಸಬಹುದು. ನಿಯಮ ಒಂದೂ ಓದದ ಹುಡುಗಿ ಆ ದಾರಿ ಹಿಡಿದಳು. ನನಗೆ ಬೇಕಿರುವ ಲೇಖನ ಅದು.

ಉಳಿದ ಒಂಬತ್ತನ್ನೂ ಬಿಡಿ. ಗಿರಣಿಯ ಆ ಅರ್ಧ ಗಂಟೆ ಬರೆದು ಕಳಿಸಿ, 800 ಪದ ಸಾಕು. ಇನ್ನೊಂದು ಸಣ್ಣ ವಿಷಯ, ಗಾಬ್ಲಿನ್‌ಗೆ ನೀವು 'ಕುಬ್ಜ ದಾನವ' ಅಂತ ಹೆಸರಿಟ್ಟಿದ್ದೀರಿ. ಆಡುವಾಗ ಯಾರೂ ಹಾಗೆ ಕರೆಯುವುದಿಲ್ಲ, ಗಾಬ್ಲಿನ್ ಗಾಬ್ಲಿನ್ನೇ ಇರಲಿ.

ಬರೆಯುವ ಮುಂಚೆ ನಿಮ್ಮ ತಂಗಿಯನ್ನು ಒಂದು ಮಾತು ಕೇಳಿ. ಮಾಂಸ ಎಸೆದಾಗ ಅವಳ ಕೈಯಲ್ಲಿ ದಾಳ ಹಾಕಿಸಿದ್ರಾ, ಇಲ್ಲ ನೀವೇ ಸುಮ್ನೆ ಒಪ್ಪಿಕೊಂಡ್ರಾ?